ಬಟ್ಟಲಿನ ಮೇಲಿನ ಗೆರೆ

ಕುಲ್ದೀಗಾ ಊರಿನ ಅಣ್ಣನ ಮನೆಯಲ್ಲಿ ಮಿರ್ಡ್ಜಾಳ ಬಟ್ಟಲು ಬೇರೆ, ಚಮಚ ಬೇರೆ, ಟವೆಲ್ ತೂಗುಹಾಕುವ ಗೂಟವೂ ಬೇರೆ. ಬಟ್ಟಲಿನ ಮೈಮೇಲೆ ಅತ್ತಿಗೆ ವಲಿಯಾ ಉಗುರುಬಣ್ಣದಲ್ಲಿ ಕೆಂಪಗೆ ‘ಸ್ಲಿಮಾ’ ಎಂದು ಬರೆದಿದ್ದಳು. ಕೊನೆಯ ಅಕ್ಷರದ ನೆತ್ತಿಯ ಮೇಲೆ ಒಂದು ಅಡ್ಡಗೆರೆ.

ಅಲ್ಲಿನ ಭಾಷೆಯಲ್ಲಿ, ಗೆರೆ ಇಲ್ಲದಿದ್ದರೆ ಅದು ಗಿಡ್ಡ ಸ್ವರದ ‘ಸ್ಲಿಮ’. ಯಾರೋ ಹೆಂಗಸಿಗೆ ಕಾಯಿಲೆ, ಅಷ್ಟೆ. ಇವತ್ತು ಮಲಗಿದವಳು ನಾಳೆ ಎದ್ದಾಳು. ಗೆರೆ ಬಿದ್ದು ಸ್ವರ ಉದ್ದವಾದರೆ ಅವಳು ಎಲ್ಲರಿಗೂ ಗೊತ್ತಿರುವ ಆ ಕಾಯಿಲೆಯವಳು.

ಮಿರ್ಡ್ಜಾಳ ಕ್ಷಯ ವಾಸಿಯಾಗಿ ವರ್ಷವಾಗಿತ್ತು. ವೈದ್ಯರ ಚೀಟಿಯೂ ಇತ್ತು. ಆದರೂ ಸ್ಲಿಮಾಗೆ ಗಾಳಿ ತಾಗುತ್ತದೆ ಕಿಟಕಿ ಮುಚ್ಚು, ಸ್ಲಿಮಾ ಮಲಗಿದ್ದಾಳೆ ಮೆಲ್ಲಗೆ ನಡಿ, ಎಂದು ವಲಿಯಾ ಗಂಡನಿಗೆ ಹೇಳುತ್ತಲೇ ಇದ್ದಳು. ಅವಳ ದನಿಯಲ್ಲಿ ದ್ವೇಷವಿರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಅಚ್ಚುಮೊಳೆ ಜೋಡಿಸುವ ಹಳೆಯ ಕೆಲಸ ಮರಳಿ ಸಿಕ್ಕರೆ ಹಗಲಾದರೂ ತನ್ನದಾದೀತು ಎಂದು ಒಂದು ಶುಕ್ರವಾರ ಮಿರ್ಡ್ಜಾ ಮುದ್ರಣಾಲಯಕ್ಕೆ ಹೋದಳು. ಎರಡು ವರ್ಷ ಬಿಟ್ಟ ಕೈ. ಮೇಸ್ತ್ರಿ ಅರ್ವೀಡ್ಸ್ ಪರೀಕ್ಷೆಗೆಂದು ಶಾಲೆಯ ವ್ಯಾಕರಣದ ಒಂದು ಪುಟ ಕೊಟ್ಟ. ಗುಣವಾಚಕಗಳ ಪಾಠ. ಉದಾಹರಣೆಗೆ ಬಂದದ್ದು ಅದೇ ಪದ: ಗಂಡಸಾದರೆ ಸ್ಲಿಮ್ಸ್, ಗೊತ್ತಿರುವ ಗಂಡಸಾದರೆ ಸ್ಲಿಮಾಯ್ಸ್. ಅವಳ ಬೆರಳುಗಳು ಮೊಳೆಗಳ ಹಳೆಯ ಗೂಡುಗಳನ್ನು ನೋಡದೆಯೇ ಹುಡುಕಿಕೊಂಡವು. ಅಚ್ಚುಮೊಳೆಗಳು ಒಂದೊಂದಾಗಿ ಕೂತವು.

ಅರ್ವೀಡ್ಸ್ ತಲೆಕೆಳಗಾದ ಸಾಲುಗಳನ್ನು ಸಲೀಸಾಗಿ ಓದುತ್ತಾ ಬಂದು ‘ತಂಗಿಗೆ ಕಾಯಿಲೆ’ ಎಂಬ ವಾಕ್ಯದಲ್ಲಿ ಅದೇ ಪದದ ಬಳಿ ನಿಂತ.

“ಈ ಗೆರೆ ಎಲ್ಲಿಂದ ಬಂತು ಮಿರ್ಡ್ಜಾ? ಪಾಪ, ತಂಗಿಗೆ ನಾಲ್ಕು ದಿನ ಜ್ವರ ಅಷ್ಟೆ. ನೀನು ಅವಳನ್ನ ಕಾಯಂ ಮಲಗಿಸಿಬಿಟ್ಯಲ್ಲ.”

ಅವಳು ಕೈಬರಹದ ಪ್ರತಿ ನೋಡಿದಳು. ಅಲ್ಲಿ ಗೆರೆ ಇರಲಿಲ್ಲ. ಕಿವಿ ಬಿಸಿಯಾಯಿತು.

ಅವನು ಆ ಪದದ ಮೇಲೆ ಬೆರಳಿಟ್ಟ. ಆಮೇಲೆ, ಇದು ಹಿಂದೆ ಜರ್ಮನ್ ವರ್ತಕರ ಜೊತೆ ಹಡಗಿಳಿದು ಬಂದ ಪದ, ಅವರಲ್ಲಿ ಸೊಟ್ಟ ಅಂತ ಅರ್ಥವಂತೆ, ಎಂದ. “ಸೊಟ್ಟಗಿರೋದನ್ನ ನೆಟ್ಟಗೆ ಮಾಡೋಕೆ ಚಿಮಟ ಇದೆ. ತಗೋ.”

ಮಿರ್ಡ್ಜಾ ಗೆರೆಯ ಮೊಳೆ ಕಿತ್ತು ಗಿಡ್ಡ ಸ್ವರ ಕೂರಿಸಿದಳು. ಸಾಲು ಸ್ವಲ್ಪವೂ ಅಲುಗಲಿಲ್ಲ. ಸೋಮವಾರದಿಂದ ಬಾ, ಅಂದ ಅರ್ವೀಡ್ಸ್.

ದಾರಿಯುದ್ದಕ್ಕೂ ಒಂದು ಮಾತನ್ನು ಹೇಗೆ ಹೇಳಬೇಕೆಂದು ಜೋಡಿಸಿಕೊಂಡು ಬಂದಳು. ನನಗೆ ಕೆಲಸ ಸಿಕ್ಕಿತು, ನನ್ನ ಹೆಸರು ಹಿಡಿದು ಕರೆಯಿರಿ. ಬಾಗಿಲು ತಳ್ಳಿದಾಗ ವಲಿಯಾ ಒಲೆಯ ಮುಂದಿದ್ದಳು. ತಿರುಗಿಯೂ ನೋಡದೆ ಕೇಳಿದಳು:

“ಯಾರು, ಸ್ಲಿಮಾನಾ?”

“ಹೂಂ,” ಅಂದಳು ಮಿರ್ಡ್ಜಾ.

ಅಂದ ಮೇಲೆ ತಾನಂದದ್ದು ಅವಳಿಗೆ ಕೇಳಿಸಿತು. ಹುಳಿಸೊಪ್ಪಿನ ಸೂಪು ಅದೇ ಬಟ್ಟಲಿನಲ್ಲಿ ಬಂತು. ಅವಳು ಕುಡಿದಳು. ಕುಡಿಯುತ್ತಲೇ ಹೆಬ್ಬೆರಳ ಉಗುರಿನಿಂದ ಬಟ್ಟಲಿನ ಮೈ ಕೆರೆದಳು. ಗೆರೆ ಕಿತ್ತು ಬಂತು. ಪದ ಅಲ್ಲೇ ಇತ್ತು.