ಒಳಗಿನ ಚಿಲಕ

ಮೆಲ್ಬರ್ನ್‌ನ ಮನೋರೋಗಿಗಳ ವಾರ್ಡಿನಲ್ಲಿ ನಾನು ಔಷಧಿಯನ್ನೂ ಬರೆದುಕೊಡುವ ನರ್ಸ್ ಪ್ರಾಕ್ಟಿಷನರ್ ಆಗಿದ್ದಾಗ ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತಿತ್ತು. ಬಾಗಿಲ ಹತ್ತಿರ ಹೋದರೆ ಸಾಕು, ತಮ್ಮನ್ನು ಯಾವಾಗ ಹೊರಗೆ ಬಿಡುತ್ತೀರಿ ಎಂದು ರೋಗಿಗಳು ಬೆನ್ನು ಹತ್ತುತ್ತಿದ್ದರು. ನಾಳೆ ನೋಡೋಣ ಎನ್ನುವುದು ನನ್ನ ಸಿದ್ಧ ಉತ್ತರ.

ಗಂಡನಿಗೆ ಸಿಡ್ನಿಯಲ್ಲಿ ಕೆಲಸವಾಗಿ ಅಲ್ಲಿನ ಕ್ವೇಕರ್ಸ್ ಹಿಲ್ ಬಡಾವಣೆಗೆ ಬಂದ ಮೇಲೆ, ದೂರದ ಊರುಗಳ ರೋಗಿಗಳನ್ನು ಮನೆಯಿಂದಲೇ ವಿಡಿಯೊದಲ್ಲಿ ನೋಡುವ ಕೆಲಸ ಹುಡುಕಿಕೊಂಡೆ.

“ಮನೇಲೇ ಕೂತು ಕೆಲ್ಸ! ಪುಣ್ಯ ಮಾಡಿದ್ದೀಯ ಬಿಡು” ಎಂದರು ಪಕ್ಕದ ಬೀದಿಯ ಮೈಸೂರಿನ ಆಂಟಿ.

ಅವರಿಗೇನು ಗೊತ್ತು! ರೋಗಿಯ ಮುಖ, ಮಾತು ಬೇರೆ ಯಾರ ಕಣ್ಣಿಗೂ ಕಿವಿಗೂ ಬೀಳಬಾರದೆಂಬುದು ಕೆಲಸದ ಷರತ್ತು. ಸಾಮಾನು ತುಂಬಿಡುವ ಸಣ್ಣ ಕೋಣೆಗೆ ಒಳಗಿನಿಂದ ಚಿಲಕ ಹಾಕಿಸಿದೆ. ಅಕ್ಕಿ ಮೂಟೆ, ಸೂಟ್‌ಕೇಸುಗಳ ನಡುವೆ ಕೂತು, ಕಿಟಕಿಯ ಪರದೆ ಎಳೆದುಕೊಂಡು, ದಿನಾ ಸ್ವಲ್ಪ ಬಿಸಿಲಿನಲ್ಲಿ ಓಡಾಡಿ ಎಂದು ಎಲ್ಲರಿಗೂ ಬುದ್ಧಿ ಹೇಳುತ್ತಿದ್ದೆ.

ಒಂದು ಮಧ್ಯಾಹ್ನ ಸ್ಕೂಲಿನಿಂದ ಬಂದ ಮಗಳು ಬಾಗಿಲು ತಟ್ಟಿದಳು. ಒಂದು ವಿಡಿಯೊ ಕಾಲ್ ಮುಗಿದು ಇನ್ನೊಂದಕ್ಕೆ ಕಾಯುತ್ತಿದ್ದೆ.

“ಅಮ್ಮಾ, ವೆನ್ ವಿಲ್ ದೇ ಲೆಟ್ ಯು ಔಟ್?”

ಚಿಲಕ ನನ್ನ ಕಡೆಗೇ ಇತ್ತು.

“ನಾಳೆ ನೋಡೋಣ, ಪುಟ್ಟಾ” ಅಂದೆ.