ಅಗ್ನಿಶಾಮಕ ಠಾಣೆಯಲ್ಲಿ ಒಣಗಿದ ಲಂಗಗಳು

ನಮ್ಮ ವೊಸ್ ಊರಿನಲ್ಲಿ ಮೇ ಹದಿನೇಳರ ನಾಡಹಬ್ಬಕ್ಕೆ ಬುನಾದ್ ಎಂಬ ನಾಡುಡುಪು ತೊಡದೆ ಹೊರಗೆ ಕಾಲಿಡುವ ಹೆಂಗಸರು ಕಡಿಮೆ. ಕಪ್ಪು ಉಣ್ಣೆಯ ಲಂಗ, ಬಿಳಿ ಅಂಗಿ, ಅದರ ಮೇಲೆ ತೋಳಿಲ್ಲದ ಕೆಂಪು ರವಿಕೆ. ಇವುಗಳಲ್ಲಿ ಅರ್ಧದಷ್ಟು ಗುನ್‌ವೋರ್ ಕೈಯಲ್ಲಿ ಹುಟ್ಟಿದವು, ಉಳಿದರ್ಧ ಅವಳ ಕೈಯಲ್ಲಿ ಅಗಲವಾದವು. "ಕಪಾಟಲ್ಲಿಟ್ಟಿದ್ದು ಅದು ಹೇಗೋ ಕುಗ್ಗಿಬಿಟ್ಟಿದೆ" ಎಂದು ವರ್ಷವರ್ಷವೂ ಬಂದು ನಿಲ್ಲುವವರಿಗೆ ಅವಳು, "ಹೌದ್ಹೌದು, ಕತ್ತಲಿಗೆ ಹೆದರಿ ಕುಗ್ಗಿರುತ್ತೆ" ಎಂದು ಹೇಳಿ ಟೇಪು ಹಿಡಿಯುತ್ತಿದ್ದಳು.

ಅವಳದು ನಮ್ಮ ಪಕ್ಕದ ಮನೆ. ಹೊಲಿಗೆ ಕೋಣೆ ಕೆಳಗಡೆ, ಅದರ ನೆತ್ತಿಯ ಮೇಲೆ ಬಚ್ಚಲು. ಆ ವರ್ಷ ಈಸ್ಟರ್ ರಜೆಗೆ ಗಂಡ ತಾರ್ಯೈ ಜೊತೆ ಬೆಟ್ಟದ ಮೇಲಿನ ಮನೆಗೆ ಹೋಗಿ, ಹಿಮದ ಬಿಸಿಲಿಗೆ ಮೂಗು ಕೆಂಪು ಮಾಡಿಕೊಂಡು ಇಬ್ಬರೂ ವಾಪಸಾದ ಮಧ್ಯಾಹ್ನ ನನಗೆ ಅವಳ ಕೂಗು ಕೇಳಿಸಿತು. ಓಡಿದೆ.

ಮೇಲಿನ ಪೈಪಿನ ಜೋಡಣೆ ಬಿಚ್ಚಿಕೊಂಡು ನೀರು ಅದೆಷ್ಟು ಹೊತ್ತಿನಿಂದ ಸುರಿದಿತ್ತೋ! ಚಾವಣಿಯ ಹಲಗೆಗಳು ಉಬ್ಬಿ ಜೋತುಬಿದ್ದಿದ್ದವು. ಒಂದಂತೂ ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಬಿದ್ದಿತ್ತು. ಸಾಲಾಗಿ ನೇತುಹಾಕಿದ್ದ ಗಿರಾಕಿಗಳ ಲಂಗಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಗುನ್‌ವೋರ್ ಬೂಟು ಕಳಚದೆ, ಒದ್ದೆ ಯಂತ್ರದ ಮೇಲೆ ಕೈಯಿಟ್ಟು ನಿಂತಿದ್ದಳು. ಕಣ್ಣು ತುಂಬಿತ್ತು.

ತಾರ್ಯೈ ಮೇಲೆ ಹೋಗಿ ನೀರು ನಿಲ್ಲಿಸಿ ಇಳಿದುಬಂದ.

"ಈ ಪೈಪು ಹಾಕಿದ್ದು ಯಾರು, ತಾರ್ಯೈ?"

"ಯಾರೋ ಅರೆಬರೆ ಕಲಿತವನು."

"ಅವನಿಗೆ ಹೆಸರಿಲ್ವಾ?"

"ಹೆಸರು ಮರೆತೋಯ್ತು. ನೋಡೋಕೆ ಮಾತ್ರ ನಿನ್ನ ಗಂಡನ ಥರಾನೇ ಇದ್ದ."

ಗುನ್‌ವೋರ್ ಬೈಯಲೆಂದೇ ತಿರುಗಿದಳು. ಸುಲಿದ ಮೂಗು, ತಲೆಯ ಮೇಲೆ ಒದ್ದೆ ಮರದ ಪುಡಿ, ಕೈಯಲ್ಲಿ ತೂತು ಬಕೆಟ್ಟು. ಬಂದ ಅಳು ಅಲ್ಲೇ ನಿಂತು ಅವಳಿಗೆ ನಗು ಉಕ್ಕಿತು. ನಗುತ್ತಲೇ ಅವನ ಬೆನ್ನಿಗೆ ಒಂದು ಗುದ್ದಿದಳು.

ಆದರೆ ಒದ್ದೆ ಉಣ್ಣೆ ನಗುವಿಗೆ ಒಣಗುತ್ತದೆಯೇ? ಒಲೆಯ ಹತ್ತಿರ ಇಟ್ಟರೆ ಮುರುಟುತ್ತದೆ, ಮಡಚಿದರೆ ಬೂಷ್ಟು ಹಿಡಿಯುತ್ತದೆ. ಎತ್ತರದಲ್ಲಿ ನೇತುಹಾಕಿ ಗಾಳಿಗೆ ಬಿಡಬೇಕು. ಹೊರಗೋ, ಹಿಮ ಬೆರೆತ ಮಳೆ. ಹಬ್ಬ ಹತ್ತಿರ ಬರುತ್ತಿತ್ತು.

"ಅಗ್ನಿಶಾಮಕದವರ ಗೋಪುರ ಇದೆಯಲ್ಲ!" ಎಂದ ತಾರ್ಯೈ. ಬೆಂಕಿ ಆರಿಸಿ ಬಂದ ಮೇಲೆ ಒದ್ದೆ ಪೈಪುಗಳನ್ನು ರಾಟೆಯಿಂದ ಮೇಲೆಳೆದು ಒಣಹಾಕುವ ಗೋಪುರ ಅದು. ಠಾಣೆಯ ಮುಖ್ಯಸ್ಥ ಓಡ್‌ಗೈರ್ ಅವನ ಮೀನು ಹಿಡಿಯುವ ಗೆಳೆಯ. ಫೋನು ಮಾಡಿದರೆ ಅವನು, "ಪೈಪೆಲ್ಲ ಒಣಗಿವೆ, ಲಂಗ ಕಳಿಸು" ಎಂದನಂತೆ.

ಕಾರಿನ ಹಿಂದಿನ ಬಂಡಿಗೆ ಎಲ್ಲವನ್ನೂ ತುಂಬಿಕೊಂಡು ಹೋದೆವು. ಗಟ್ಟಿಮುಟ್ಟಾದ ಗಂಡಸರು ಒಂದೊಂದೇ ಲಂಗವನ್ನು ಎಳೆಮಗುವಿನಂತೆ ಎತ್ತಿಕೊಂಡು ಹಗ್ಗಕ್ಕೆ ಸಿಕ್ಕಿಸಿ ಮೇಲೆಳೆದರು. ಅರ್ಧ ಎಳೆಯುವಷ್ಟರಲ್ಲಿ ಠಾಣೆಯ ಗಂಟೆ ಹೊಡೆಯಿತು. ಯಾರದೋ ಕೊಟ್ಟಿಗೆಯಲ್ಲಿ ಹೊಗೆ. ಹೊರಡುವ ಅವಸರದಲ್ಲೂ ಓಡ್‌ಗೈರ್ ತಿರುಗಿ ಕೂಗಿದ: "ಅಕ್ಕಾ, ಹಗ್ಗ ಬಿಡಬೇಡಿ, ಗಟ್ಟಿ ಹಿಡ್ಕೊಳ್ಳಿ!" ಅವರು ವಾಪಸು ಬರುವವರೆಗೂ ನಾನೂ ಗುನ್‌ವೋರಳೂ ಆ ಹಗ್ಗ ಹಿಡಿದುಕೊಂಡು ನಿಂತಿದ್ದೆವು, ತಲೆಯ ಮೇಲೆ ಊರ ಹೆಂಗಸರ ಲಂಗಗಳು.

ಉಳಿದ ಆಪತ್ತು ಒಂದೇ. ಸುನ್ನಿವಾ ಎಂಬ ಹುಡುಗಿ ಹರೆಯಕ್ಕೆ ಬಂದ ಮಕ್ಕಳಿಗೆ ಚರ್ಚಿನಲ್ಲಿ ಕೊಡುವ ದೀಕ್ಷೆಯ ದಿನ ತೊಡಬೇಕಿದ್ದ ಬಿಳಿ ಅಂಗಿಗೆ ಪಕ್ಕದ ರವಿಕೆಯ ಬಣ್ಣ ಇಳಿದು, ಎಡತೋಳೂ ಬೆನ್ನೂ ಗುಲಾಬಿಯಾಗಿದ್ದವು. ಎಷ್ಟು ನೆನೆಸಿದರೂ ಹೋಗಲಿಲ್ಲ. ಹುಡುಗಿಯ ಅಜ್ಜಿ ರಾಗ್ನ್‌ಫ್ರಿದ್‌ಗೆ ಊರವರಿಟ್ಟ ಹೆಸರು ಬುನಾದ್ ಪೊಲೀಸು. ಗುಂಡಿ ಒಂದು ತಪ್ಪಿದ್ದರೂ ಬೀದಿಯಲ್ಲೇ ತಡೆದು ಹೇಳುವ ಮುದುಕಿ.

ಆಕೆ ಠಾಣೆಗೇ ಬಂದಳು. ಅಂಗಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಬೆಂಕಿಗೆ ಹೆದರದ ಗಂಡಸರೆಲ್ಲ ಗಾಡಿಯ ಹಿಂದೆ ಸರಿದರು.

"ಬೈದುಬಿಡಿ ರಾಗ್ನ್‌ಫ್ರಿದ್, ಕಾಯಿಸಬೇಡಿ" ಎಂದಳು ಗುನ್‌ವೋರ್.

"ನನ್ನ ದೀಕ್ಷೆಯ ಅಂಗೀನ ನಮ್ಮಮ್ಮ ಯಾತರಲ್ಲಿ ಹೊಲಿದಿದ್ಲು ಗೊತ್ತೇನೇ? ಹೋಟೆಲಿನ ಹಾಸಿಗೆ ಹೊದಿಕೇಲಿ! ಕಂಕುಳಲ್ಲಿ ಕೆಂಪು ದಾರದಲ್ಲಿ ಹೋಟೆಲಿನ ಹೆಸರು ಬೇರೆ. ಪಾದ್ರಿಗಳು ಕೈ ಕುಲುಕೋಕೆ ಬಂದ್ರೆ ನಾನು ಕೈ ಎತ್ತಿದ್ರೆ ತಾನೆ!"

ಮುದುಕಿ ನಕ್ಕದ್ದನ್ನು ಕೆಲವರು ಅಂದೇ ಮೊದಲು ನೋಡಿದ್ದು. ನಕ್ಕು ಮುಗಿಸಿ, "ಬೆನ್ನು ರವಿಕೆಯೊಳಗೆ ಮುಚ್ಚಿಹೋಗುತ್ತೆ. ತೋಳು ಮಾತ್ರ ಬದಲಾಯಿಸು. ಅಂಚಿನ ಕಸೂತಿ ನಾನು ಹಾಕ್ತೀನಿ" ಎಂದಳು. ಸುನ್ನಿವಾಗಂತೂ ಕುಣಿಯುವಷ್ಟು ಖುಷಿ: "ಒಳಗೆ ಗುಲಾಬಿ ಇರೋದು ನನಗೊಬ್ಬಳಿಗೇ ಗೊತ್ತಿರುತ್ತೆ!" ಊರಿಗೆಲ್ಲ ಹೇಳಿದವಳೂ ಅವಳೇ.

ಕೋಣೆಯ ಗೋಡೆ ಒಣಗಿ ಹೊಸ ಹಲಗೆ ಬಡಿಯುವವರೆಗೆ ಗುನ್‌ವೋರ್‌ಗೆ ಜಾಗವಿರಲಿಲ್ಲ. ಓಡ್‌ಗೈರ್ ಠಾಣೆಯ ಊಟದ ಕೋಣೆಯ ಮೇಜು ತೆರವು ಮಾಡಿಕೊಟ್ಟ. ಒಣಗಿ ಎಣ್ಣೆ ಕುಡಿದ ಯಂತ್ರ ಅಲ್ಲಿಗೆ ಬಂತು. ಎದುರಿಗೆ ರಾಗ್ನ್‌ಫ್ರಿದ್ ಸೂಜಿ ಹಿಡಿದು ಕೂತಳು. ಮಧ್ಯೆ ಯಾರಾದರೊಬ್ಬರು ವಾಫಲ್ ಹುಯ್ದು, ಕಂದು ಚೀಸ್ ಇಟ್ಟು ಕೊಡುವರು. ಹರಿದ ಪ್ಯಾಂಟುಗಳು ಒಂದೊಂದಾಗಿ ಸಂಕೋಚದಿಂದ ಮೇಜಿನ ಮೂಲೆಗೆ ಬಂದವು. ಅಷ್ಟು ವರ್ಷ ರೇಡಿಯೋ ಒಂದನ್ನೇ ಜೊತೆಗಿಟ್ಟುಕೊಂಡು ಹೊಲಿದವಳು ನನಗೆ ಹೇಳಿದಳು: "ಇಲ್ಲಿ ಒಂದು ಪಟ್ಟಿ ಹೊಲಿಯೋ ಹೊತ್ತಿಗೆ ಮೂರು ಕಥೆ ಆಗುತ್ತೆ ಕಣೆ. ಕೆಲಸ ನಿಧಾನ, ಆದ್ರೆ ಬೆನ್ನು ನೋಯಲ್ಲ."

ಹಬ್ಬದ ದಿನ ಎಲ್ಲ ಲಂಗಗಳೂ ಮೆರವಣಿಗೆಯಲ್ಲಿದ್ದವು. ಅಗ್ನಿಶಾಮಕ ಗಾಡಿ ಮುಂದೆ ಹಾದಾಗ ಅದರ ಮೇಲಿದ್ದವರು ಹೆಂಗಸರ ಮುಖ ಬಿಟ್ಟು ಲಂಗಗಳಿಗೆ ಕೈಬೀಸಿದರು. "ಅದು ನಾನೆತ್ತಿದ್ದು!" ಎಂದು ಒಬ್ಬ ಕೂಗಿದ್ದಕ್ಕೆ ಮೇಯರಮ್ಮ ಕೆಂಪಾದಳು.

ಜೂನ್‌ನಲ್ಲಿ ಕೋಣೆ ಸಿದ್ಧವಾಯಿತು. ಪೈಪು ಕೆಲಸಕ್ಕೆ ಈ ಸಲ ಕಸುಬಿನವರನ್ನೇ ಕರೆಸಿದರು. ತಾರ್ಯೈ ಕಾಫಿ ಕೊಡುವ ಕೆಲಸ ಮಾತ್ರ ಮಾಡಿದ. ಗುನ್‌ವೋರ್ ಮನೆಗೆ ಮರಳಿದಳು. ಆದರೂ ಗುರುವಾರ ಬಂದರೆ ಬಟ್ಟೆಯ ಗಂಟು ಸೈಕಲ್ಲಿಗೆ ಕಟ್ಟಿಕೊಂಡು, ರಾಗ್ನ್‌ಫ್ರಿದ್‌ಳ ಬಾಗಿಲಲ್ಲಿ ಗಂಟೆ ಬಾರಿಸಿ, ಇಬ್ಬರೂ ಠಾಣೆಯ ಕಡೆಗೆ ಹೊರಡುತ್ತಾರೆ. ಈಚೆಗೆ ಓಡ್‌ಗೈರ್ ಕಾಜಾ ಹೊಲಿಯಲು ಕಲಿಯುತ್ತಿದ್ದಾನೆ. ಅವನ ಹೊಲಿಗೆ ನೋಡಿ ಮುದುಕಿ ಬೈಯುವುದು ರಸ್ತೆಯವರೆಗೂ ಕೇಳಿಸುತ್ತದೆ.