ಸಾಂಬ್ರಾಣಿಯ ಸುಟ್ಟ ಕೊಟ್ಟಿಗೆ

ನಿವೃತ್ತಿಗೆ ಒಂದು ವರ್ಷ ಬಾಕಿ ಇದ್ದಾಗ ನಾನು ಹಳಿಯಾಳ ತಾಲ್ಲೂಕಿನಲ್ಲಿ ಪಶುವೈದ್ಯನಾಗಿದ್ದೆ. ಆ ಬೇಸಿಗೆಯಲ್ಲಿ ಧಾರವಾಡದಲ್ಲೊಂದು ತರಬೇತಿ ಮುಗಿಸಿ ಬಂದಿದ್ದೆ. ವಿಷಯ ‘ವೆಲ್ಫೇರ್ ಕೆಪಾಸಿಟಿ’, ಅಂದರೆ ಒಂದೊಂದು ಜಾತಿಯ ಪ್ರಾಣಿಗೂ ಸುಖ ಕಷ್ಟ ಅನುಭವಿಸುವ ಶಕ್ತಿ ಎಷ್ಟಿದೆ ಎಂದು ಅಂದಾಜು ಮಾಡಿ ಹೋಲಿಸುವುದು. ನರಮಂಡಲ, ಕಲಿಕೆ, ನೋವಾದಾಗಿನ ನಡವಳಿಕೆ ಎಲ್ಲವನ್ನೂ ನೋಡಬೇಕಂತೆ. ಕೇಳಿ ಸುಸ್ತಾಗಿತ್ತು. ನಮ್ಮ ಆಸ್ಪತ್ರೆಗೆ ಔಷಧವೇ ಸರಿಯಾಗಿ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಸಾಂಬ್ರಾಣಿ ಎಂಬ ಹಳ್ಳಿಯಿಂದ ಫೋನ್ ಬಂತು. ಜುಜೆ ಎಂಬ ಸಿದ್ದಿ ರೈತನ ಬಣವೆಗೆ ಬಿದ್ದ ಬೆಂಕಿ ಕೊಟ್ಟಿಗೆಗೆ ಹಬ್ಬಿತ್ತು. ನಾನು ಹೋದಾಗ ಬೆಂಕಿ ಆರಿತ್ತು. ಅಂಗಳದಲ್ಲಿ ಒಂದು ಹಂದಿ, ಅದರ ನಾಲ್ಕು ಮರಿಗಳು ಬೆನ್ನು ಬೆಂದು ಕಿರುಚುತ್ತಿದ್ದವು. ಹಾಲು ಕೊಡುವ ಎಮ್ಮೆ ಬೇಲಿಯ ಪಕ್ಕ ಅಲ್ಲಾಡದೆ ನಿಂತಿತ್ತು. ಕೆಚ್ಚಲು, ಮುಖ ಎರಡೂ ಸುಟ್ಟಿದ್ದವು.

“ಎಮ್ಮಿ ಸುಮ್ಮನ ನಿಂತೈತ್ರಿ, ತಡಕೊಂಡೀತು. ಹಂದಿ ನೋಡ್ರಿ, ಹೆಂಗ ಒದರತೈತಿ,” ಎಂದ ಜುಜೆ.

ಎಮ್ಮೆ ಹಲ್ಲು ಕಡಿಯುತ್ತಿತ್ತು. ದನ, ಎಮ್ಮೆಗಳು ತೀವ್ರ ನೋವನ್ನು ಹಾಗೆಯೇ ನುಂಗುತ್ತವೆ. ಸದ್ದಿಲ್ಲ ಎಂದರೆ ನೋವಿಲ್ಲ ಎಂದಲ್ಲ.

ನೋವಿನ ಇಂಜೆಕ್ಷನ್ ನನ್ನಲ್ಲಿದ್ದದ್ದು ಒಂದೇ ಬಾಟಲಿ, ಅದರಲ್ಲೂ ಸ್ವಲ್ಪ. ಡೋಸ್ ದೇಹದ ತೂಕಕ್ಕೆ ತಕ್ಕಂತೆ. ಎಮ್ಮೆಗೆ ಕೊಟ್ಟರೆ ಅದೊಂದಕ್ಕೇ ಮುಗಿಯುತ್ತಿತ್ತು; ಹಂದಿಗೂ ಮರಿಗಳಿಗೂ ಹಂಚಿದರೆ ಐದಕ್ಕೂ ಸಾಕಾಗುತ್ತಿತ್ತು. ದಾಂಡೇಲಿಯ ಸಹೋದ್ಯೋಗಿಗೆ ಫೋನ್ ಮಾಡಿದೆ. ಔಷಧ ತಂದುಕೊಡಲು ಸಂಜೆಯಾಗುತ್ತದೆ ಎಂದರು.

ಜುಜೆಯ ಹೆಂಡತಿ ರೋಜಿ ಎಮ್ಮೆಯ ಮೇಲೆ ಒದ್ದೆ ಗೋಣಿತಾಟು ಹೊದಿಸುತ್ತಿದ್ದಳು. “ಸಾಹೇಬ್ರ, ಮೊದಲ ಇಕಿಗೆ ಹಾಕ್ರಿ.”

ಎಮ್ಮೆಗಿಂತ ಹಂದಿಗೆ ನೋವು ಕಡಿಮೆ ಎನ್ನಲು ನನ್ನಲ್ಲಿ ಆಧಾರವಿರಲಿಲ್ಲ, ಹೆಚ್ಚು ಎನ್ನಲೂ ಇರಲಿಲ್ಲ. ಇದ್ದದ್ದು ಒಂದು ಕಡೆ ಐದು ಜೀವ, ಇನ್ನೊಂದು ಕಡೆ ಒಂದು. ಹಂದಿಯ ಕಡೆ ನಡೆದೆ.

“ಇಕಿ ನೋವು ಲೆಕ್ಕಕ್ಕ ಬರಾಂಗಿಲ್ಲೇನ್ರಿ?” ಎಂದಳು ರೋಜಿ.

“ಬರ್ತೈತಿ ತಾಯಿ. ಔಷಧ ಸಾಲಾಂಗಿಲ್ಲ.”

ಸ್ವಲ್ಪ ಹೊತ್ತಿಗೆ ಕಿರುಚಾಟ ಇಳಿಯಿತು. ಮರಿಗಳು ತಾಯಿಯ ಹೊಟ್ಟೆಗೆ ಅಂಟಿ ಮಲಗಿದವು. ನಾನು ಎಮ್ಮೆಯ ಗಾಯ ತೊಳೆದು ಮುಲಾಮು ಹಚ್ಚಿದೆ. ರೋಜಿ ಗೋಣಿತಾಟು ಒಣಗಿದಂತೆಲ್ಲ ನೀರು ಹನಿಸುತ್ತಲೇ ಇದ್ದಳು, ನನ್ನ ಕಡೆ ನೋಡಲಿಲ್ಲ. ಸಂಜೆ ದಾಂಡೇಲಿಯಿಂದ ಔಷಧ ಬಂದಾಗ ಎಮ್ಮೆಗೂ ಚುಚ್ಚಿದೆ. ಹಂದಿ, ಮರಿಗಳು ಉಳಿದವು. ಹೊಗೆ ಕುಡಿದಿದ್ದ ಎಮ್ಮೆ ವಾರದೊಳಗೆ ಸತ್ತಿತು.

ಆಮೇಲೆ ಹಳಿಯಾಳದ ಸಂತೆಯಲ್ಲಿ ರೋಜಿ ಸಿಕ್ಕಳು. ತಾನಾಗಿಯೇ ನಿಂತು ಮಾತಾಡಿಸಿದಳು. “ನೀವು ತಪ್ಪ ಮಾಡೀರಿ ಅನ್ನಾಂಗಿಲ್ರಿ ನಾ. ಆದ್ರ ಅವತ್ತ ನಾ ಆಕಿ ಮಾರಿ ನೋಡಕೋತ ನಿಂತಿದ್ದೆ. ನೀವು ನಿಂತಿರ್ಲಿಲ್ಲ.”

ಈಗ ಹೊಸ ವೈದ್ಯರು ಯಾವ ಪ್ರಾಣಿಗೆ ನೋವು ಹೆಚ್ಚು ಎಂದು ನನ್ನನ್ನು ಕೇಳುತ್ತಾರೆ. ಆ ಹೋಲಿಕೆ ಕಲಿಯಿರಿ, ಒಂದಲ್ಲ ಒಂದು ದಿನ ಬೇಕಾಗುತ್ತದೆ ಎನ್ನುತ್ತೇನೆ. ಆದರೆ ನನ್ನ ಕೆಲಸ ಕಲಿಸಿದ್ದು ಬೇರೆ: ಹೋಲಿಸಿ ಒಂದನ್ನು ಆರಿಸಿದರೂ ಇನ್ನೊಂದರ ನೋವು ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಅದು ಅಲ್ಲೇ, ನಮ್ಮೆದುರಿಗೇ ನಿಂತಿರುತ್ತದೆ.